ತಾವೇ ಬರೆದ ಕಾನೂನಿನ ಮುಂದೆ

ಶಿಕಾಗೋ ಹತ್ತಿರದ ಲೊಂಬಾರ್ಡಿನಲ್ಲಿದ್ದ ವರ್ಷಗಳಲ್ಲಿ ನಾನು ಒಬ್ಬ ಶಾಸಕಿಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಎಲ್ಕ್ ಗ್ರೋವ್ ವಿಲೇಜ್ ಮತ್ತು ಅದರ ಸುತ್ತಮುತ್ತಲಿನಿಂದ ಇಲಿನಾಯ್ ರಾಜ್ಯದ ವಿಧಾನಸಭೆಗೆ ಆರಿಸಿ ಬಂದವರು ಅವರು. ಎಂಎಲ್‌ಎ ಆಫೀಸು ಎಂದರೆ ಮೈಸೂರಿನಲ್ಲಿ ಬೆಳೆದ ನನ್ನ ಮನಸ್ಸಿನಲ್ಲಿ ಬೇರೆಯೇ ಚಿತ್ರವಿತ್ತು. ಇಲ್ಲಿ ನೋಡಿದರೆ ರಸ್ತೆ ಬದಿಯ ಸಾಲು ಅಂಗಡಿಗಳ ಒಂದು ಸ್ಟ್ರಿಪ್ ಮಾಲಿನಲ್ಲಿ, ಡ್ರೈ ಕ್ಲೀನಿಂಗ್ ಅಂಗಡಿಗೂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ನಡುವೆ ಎರಡು ಕೋಣೆ, ಒಂದು ಕಾಫಿ ಮೆಷಿನ್ನು, ಯಾರೋ ಬಿಟ್ಟುಹೋದ ಕಂದು ಬಣ್ಣದ ಸೋಫಾ. ಓಹೇರ್ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ತಲೆಯ ಮೇಲೆಯೇ ಹೋಗುತ್ತಿದ್ದವು. ಫೋನಿನಲ್ಲಿ ಮಾತಾಡುತ್ತಿದ್ದರೆ ವಿಮಾನ ದಾಟುವವರೆಗೆ ಸುಮ್ಮನಿದ್ದು ಆಮೇಲೆ ಮುಂದುವರಿಸಬೇಕಿತ್ತು.

ಆಫೀಸಿನಲ್ಲಿ ಇದ್ದದ್ದು ನಾವು ಮೂವರೇ. ಶಾಸಕಿ, ನಾನು, ಮತ್ತು ಆಫೀಸು ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯ. ಆತ ಜೀವಮಾನವಿಡೀ ಪೋಸ್ಟ್‌ಮ್ಯಾನ್ ಆಗಿ ದುಡಿದು ರಿಟೈರ್ ಆದವರು. ಶಾಸಕಿಯ ಮೊದಲ ಚುನಾವಣೆಯಲ್ಲಿ ಅವರ ಜೊತೆ ಮನೆ ಮನೆ ಸುತ್ತಿದವರು. ಯಾವ ಮನೆಯಲ್ಲಿ ನಾಯಿ ಇದೆ, ಯಾವ ಮನೆಯವರು ಬಾಗಿಲು ತೆಗೆಯುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಶಾಸಕಿಗೆ ಆಗ ಐವತ್ತರ ಆಸುಪಾಸು. ಲಾರಿ ಡ್ರೈವರೊಬ್ಬರ ಮಗಳು. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ಕಾರ್ಮಿಕರ ಪರ ವಾದಿಸುವ ವಕೀಲೆಯಾಗಿದ್ದವರು. ಎತ್ತರದ ಹೆಂಗಸು, ದೊಡ್ಡ ದನಿ. ಸವೆದ ರನ್ನಿಂಗ್ ಶೂ ಹಾಕಿಕೊಂಡೇ ಎಲ್ಲಾ ಕಡೆಗೂ ಹೋಗುತ್ತಿದ್ದರು, ಸಭೆಯ ಬಾಗಿಲಲ್ಲಿ ಮಾತ್ರ ಬೇರೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮರೆಯಬಾರದ ಸಂಗತಿಗಳನ್ನು ಅಂಗೈ ಮೇಲೆ ಪೆನ್ನಿನಿಂದ ಗೀಚಿಕೊಳ್ಳುವ ಅಭ್ಯಾಸ. ನಾನು ಅವರನ್ನು ಇಲ್ಲಿನ ರೂಢಿಯಂತೆ ಹೆಸರು ಹಿಡಿದೇ ಕರೆಯುತ್ತಿದ್ದೆ. ಮೊದಮೊದಲು ನಾಲಿಗೆ ಹಿಡಿದಂತಾಗುತ್ತಿತ್ತು, ವಯಸ್ಸಿನಲ್ಲಿ ದೊಡ್ಡವರು. ಆಮೇಲೆ ಅಭ್ಯಾಸವಾಯಿತು.

ನಮ್ಮ ಕೆಲಸ ಸಣ್ಣ ಸಣ್ಣದು. ನಿರುದ್ಯೋಗ ಭತ್ಯೆ ನಿಂತುಹೋದವರು, ಡ್ರೈವಿಂಗ್ ಲೈಸೆನ್ಸ್ ಸಿಗದವರು, ಬೀದಿಯ ದೀಪ ಉರಿಯುವುದಿಲ್ಲ ಎಂದು ದೂರು ತರುವವರು. ಎಲ್ಲರನ್ನೂ ಆ ಕಂದು ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟು ಕೇಳುತ್ತಿದ್ದೆವು. ಶಾಸಕಿ ಅಲ್ಲಿದ್ದರೆ ತಾವೇ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಮೇಜಿನಾಚೆ ಎದುರಿಗೆ ಕೂತು ಕೇಳುವವರನ್ನು ನಾನು ಕಂಡಿದ್ದೇನೆ, ಹೀಗೆ ಪಕ್ಕದಲ್ಲಿ ಕೂತು ಕೇಳುವವರನ್ನು ಅಷ್ಟಾಗಿ ಕಂಡಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಬೂದು ಬಣ್ಣದ ಸ್ಕಾರ್ಫು, ಅದರ ಮೇಲೆ ಕೋಟಿನ ಟೋಪಿ. ಇಂಗ್ಲಿಷಿನಲ್ಲಿ ಎರಡು ಮಾತಾಡುವಷ್ಟರಲ್ಲಿ ತಡವರಿಸಿ, ತನಗೆ ತಾನೇ ಎಂಬಂತೆ ‘ಹ್ಯಾಂಗ ಹೇಳ್ಲಿ ಇವ್ರಿಗೆ’ ಎಂದಳು. ನಾನು ಟೈಪು ಮಾಡುತ್ತಿದ್ದವಳು ತಲೆಯೆತ್ತಿದೆ.

ಆಕೆ ವಿಜಯಪುರದವಳು. ಮನೆಯ ಮಾತು ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ. ಅಣ್ಣ ಮಿಶಿಗನ್ನಿನ ಟ್ರಾಯ್‌ನಲ್ಲಿ ಕಾರಿನ ಟೈರು ಮಾರುವ ಸಣ್ಣ ಅಂಗಡಿ ಇಟ್ಟಿದ್ದ. ಅವನೇ ಈಕೆಗೆ, ಗಂಡನಿಗೆ, ಮಗಳಿಗೆ ವೀಸಾ ಮಾಡಿಸಿ ಕರೆಸಿಕೊಂಡಿದ್ದ. ಊರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಗಂಡ, ಹೆಂಡತಿಯ ಅಣ್ಣನ ಹಂಗಿನಲ್ಲಿ ಇರಬಾರದೆಂದು ಕೆಲಸ ಹುಡುಕಿಕೊಂಡು ಶಿಕಾಗೋ ಕಡೆಗೆ ಬಂದಿದ್ದ. ಸಿಕ್ಕಿದ್ದು ಟೆಂಪ್ ಏಜೆನ್ಸಿಯ ಕೆಲಸ. ಏಜೆನ್ಸಿಯವರು ಬೆಳಗಿನ ಜಾವ ವ್ಯಾನಿನಲ್ಲಿ ಜನರನ್ನು ತುಂಬಿಕೊಂಡು ಹೋಗಿ ಅಂದಂದಿಗೆ ಬೇಕಾದ ವೇರ್‌ಹೌಸಿಗೆ ಇಳಿಸುತ್ತಾರೆ. ಎಲ್ಕ್ ಗ್ರೋವ್‌ನಲ್ಲಿ ಅಂಥ ವೇರ್‌ಹೌಸುಗಳಿಗೆ ಕೊನೆಯೇ ಇಲ್ಲ. ಅವುಗಳಲ್ಲಿ ಒಂದರಲ್ಲಿ, ಸರಕು ಏರಿಸಿ ಇಳಿಸುವ ಡಾಕಿನಲ್ಲಿ, ಹಿಂದಕ್ಕೆ ಬರುತ್ತಿದ್ದ ಲಾರಿಯ ಟ್ರೇಲರಿಗೂ ಸಿಮೆಂಟಿನ ಗೋಡೆಗೂ ನಡುವೆ ಸಿಕ್ಕಿ ಆತ ಸತ್ತುಹೋಗಿದ್ದ. ಅಲ್ಲಿಗೆ ಕಳಿಸಿದ ಏಜೆನ್ಸಿ, ಜಾಗ ನಮ್ಮದಲ್ಲ ಎಂದಿತ್ತು. ವೇರ್‌ಹೌಸಿನವರು, ಆಳು ನಮ್ಮವನಲ್ಲ ಎಂದಿದ್ದರು.

ನಾನು ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾ ಹೋದೆ. ಶಾಸಕಿ ಪಕ್ಕದಲ್ಲಿ ಕೂತು ಕೇಳಿದರು. ನಡುವೆ ವಿಮಾನ ಹೋಯಿತು, ಮೂವರೂ ಸುಮ್ಮನಾದೆವು. ಆಮೇಲೆ ಆ ಹೆಂಗಸು ನನ್ನ ಕಡೆ ತಿರುಗಿ, ‘ಒಂದು ಮಾತು ಕೇಳ್ರಿ ಅಕ್ಕಾರ. ಅವ್ರು ಯಾರ ಮನಿ ಕೆಲಸಕ್ಕ ಹೋಗಿ ಸತ್ರು? ಅಷ್ಟು ಹೇಳಿದ್ರ ಸಾಕು’ ಎಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಶಾಸಕಿ ಆಕೆಯ ಕೈ ಮೇಲೆ ಕೈಯಿಟ್ಟುಕೊಂಡು ಕೂತರು.

ಆ ಪ್ರಶ್ನೆಯಿಂದಲೇ ಒಂದು ಮಸೂದೆ ಹುಟ್ಟಿತು. ಏಜೆನ್ಸಿಯ ಮೂಲಕ ಬಂದ ಕೆಲಸಗಾರನಿಗೆ ಏನಾದರೂ ಆದರೆ ಕಳಿಸಿದವರೂ ಕೆಲಸ ಮಾಡಿಸಿಕೊಂಡವರೂ ಇಬ್ಬರೂ ಹೊಣೆ, ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವಂತಿಲ್ಲ ಎಂಬುದು ಅದರ ಸಾರ. ಶಾಸಕಿ ತಾವೇ ಕೂತು ಬರೆದರು. ಕೆಲಸದ ಜಾಗದಲ್ಲಿ ಆಗುವ ಅಪಘಾತ, ಏಜೆನ್ಸಿಯ ವ್ಯಾನಿನಲ್ಲಿ ಹೋಗುವಾಗ ಬರುವಾಗ ಆಗುವ ಅಪಘಾತ, ಎರಡನ್ನೂ ಸೇರಿಸಿದ್ದರು. ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಆ ಹೆಂಗಸನ್ನು ನಾನೇ ಕರೆದುಕೊಂಡು ಹೋದೆ. ಸಮಿತಿಯ ಮುಂದೆ ಆಕೆ ಕನ್ನಡದಲ್ಲಿ ಮಾತಾಡಿದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆ ದೊಡ್ಡ ಕೋಣೆಯ ಮರದ ಗೋಡೆಗಳಿಗೆ ಕನ್ನಡ ಅದೇ ಮೊದಲಿರಬೇಕು.

ಮಸೂದೆ ಮೊದಲ ವರ್ಷ ಬಿತ್ತು. ಮರುವರ್ಷವೂ ಬಿತ್ತು. ಆಮೇಲೆ ಒಂದು ವಸಂತದಲ್ಲಿ ಶಾಸಕಿ ಸ್ಪ್ರಿಂಗ್‌ಫೀಲ್ಡಿನಿಂದ ಫೋನು ಮಾಡಿ, ವಿಜಯಪುರದ ಆ ಹೆಂಗಸನ್ನೂ ಲೈನಿಗೆ ತರಲು ನನಗೆ ಹೇಳಿದರು. ಓಟುಗಳು ಹತ್ತಿರಕ್ಕೆ ಬಂದಿವೆ. ವ್ಯಾನಿನ ಮಾತನ್ನು ತೆಗೆದುಹಾಕಿದರೆ ಇನ್ನೂ ಕೆಲವರು ಕೂಡಿಕೊಳ್ಳುತ್ತಾರೆ, ಮಸೂದೆ ಪಾಸಾಗುತ್ತದೆ. ತೆಗೆಯದಿದ್ದರೆ ಈ ಸಲವೂ ಬೀಳುತ್ತದೆ. ಡಾಕಿನಲ್ಲಿ ಸತ್ತ ಆಕೆಯ ಗಂಡನಂಥವರಿಗೆ ಕಾನೂನು ಸಿಕ್ಕಂತಾಗುತ್ತದೆ, ರಸ್ತೆಯ ಮೇಲೆ ಸಾಯುವವರಿಗೆ ಸಿಗುವುದಿಲ್ಲ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ನೀವು ಬೇಡ ಎಂದರೆ ನಾನು ವ್ಯಾನಿನ ಮಾತನ್ನು ಕೈಬಿಡುವುದಿಲ್ಲ ಎಂದರು.

ಆ ಹೆಂಗಸಿನ ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿದ್ದದ್ದು ನನಗೆ ಫೋನಿನಲ್ಲಿ ಕೇಳುತ್ತಿತ್ತು.

‘ಸಿಕ್ಕಷ್ಟು ತಗೊಳ್ರಿ ಅಂತ ಹೇಳ್ರಿ’ ಎಂದಳು ಕೊನೆಗೆ. ‘ವ್ಯಾನಿಂದು ಆಮ್ಯಾಲ ನೋಡೂಣು.’

ಆಮೇಲೆ ನೋಡೋಣ ಎಂದು ಶಾಸಕಿಯೂ ಹೇಳಿದರು. ಮಸೂದೆ ಪಾಸಾಯಿತು. ರಾಜ್ಯಪಾಲರು ಸಹಿ ಹಾಕಿದ ದಿನ ಪೋಸ್ಟ್‌ಮ್ಯಾನ್ ಹಿರಿಯರು ಆಫೀಸಿಗೆ ಕೇಕು ತಂದಿದ್ದರು. ಆ ಹೆಂಗಸಿನ ಗಂಡನ ವಿಷಯಕ್ಕೆ ಕಾನೂನು ತಡವಾಗಿ ಬಂದಿತ್ತು, ಆಕೆಗೆ ಅದರಿಂದ ಏನೂ ಆಗುವಂತಿರಲಿಲ್ಲ. ಆದರೂ ಬಂದು ಒಂದು ತುಂಡು ತಿಂದು ಹೋದಳು. ಕೆಲವು ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಟ್ರಾಯ್‌ಗೆ, ಅಣ್ಣನ ಮನೆಯ ಹತ್ತಿರಕ್ಕೆ ಹೋದಳು. ಅಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳೆಂದು ಫೋನು ಮಾಡಿ ತಿಳಿಸಿದಳು.

ವ್ಯಾನಿನ ಮಾತು ಹಾಗೇ ಉಳಿಯಿತು. ಶಾಸಕಿ ಅದನ್ನು ಮತ್ತೆ ಎತ್ತುವ ಮೊದಲೇ ಅವರ ಬದುಕು ಬೇರೆ ದಾರಿ ಹಿಡಿಯಿತು.

ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಂದು ನ್ಯಾಯಾಧೀಶರ ಜಾಗ ಖಾಲಿಯಾಗಿತ್ತು. ಅದಕ್ಕೆ ರಾಷ್ಟ್ರಾಧ್ಯಕ್ಷರು ಹೆಸರು ಸೂಚಿಸಬೇಕು, ವಾಷಿಂಗ್ಟನ್ನಿನ ಸೆನೆಟ್ ಒಪ್ಪಬೇಕು. ಒಪ್ಪಿದರೆ ಬದುಕಿರುವವರೆಗೂ ಆ ಹುದ್ದೆ. ನಮ್ಮ ಶಾಸಕಿ ಅದಕ್ಕೆ ಅಪ್ಲೈ ಮಾಡಿದ್ದಾರೆಂಬುದು ಪೋಸ್ಟ್‌ಮ್ಯಾನ್ ಹಿರಿಯರಿಗೂ ಗೊತ್ತಿರಲಿಲ್ಲ. ಹೆಸರು ಹೊರಬಿದ್ದ ದಿನ ಅವರು ಕಾಫಿ ಮೆಷಿನ್ ತೊಳೆಯುತ್ತಾ ನಿಂತಿದ್ದರು. ಇನ್ನೊಂದು ಚುನಾವಣೆಗೆ ಅಂಗಿಗಳ ಮೇಲೆ ಶಾಸಕಿಯ ಹೆಸರು ಪ್ರಿಂಟು ಮಾಡಿಸಲು ಆಗಲೇ ವಿಚಾರಿಸಿದ್ದರು ಪಾಪ.

ಸೆನೆಟ್ ಒಪ್ಪುವ ಮೊದಲು ನಡೆಯುವ ಹಿನ್ನೆಲೆ ತನಿಖೆಗೆಂದು ಒಬ್ಬ ಅಧಿಕಾರಿ ಬಂದು ಶಾಸಕಿಯ ಬಗ್ಗೆ ನನ್ನನ್ನೂ ಪ್ರಶ್ನೆ ಕೇಳಿದ. ಸಿಟ್ಟು ಬಂದಾಗ ಹೇಗಿರುತ್ತಾರೆ ಎಂದ. ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ತಾವೇ ಬಾಗಿಲು ತೆಗೆದು ಬಂದು ಸಾರಿ ಕೇಳುತ್ತಾರೆ ಎಂದೆ. ಅವನು ಬರೆದುಕೊಂಡ. ಸೆನೆಟಿನ ವಿಚಾರಣೆಯನ್ನು ನಾನೂ ಹಿರಿಯರೂ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದೆವು. ಒಬ್ಬ ಸೆನೆಟರ್, ನೀವು ಇಷ್ಟು ವರ್ಷ ಕೆಲಸಗಾರರ ಪರ ನಿಂತವರು, ನಾಳೆ ನಿಮ್ಮ ಮುಂದೆ ಒಬ್ಬ ಮಾಲೀಕ ನಿಂತರೆ ಅವನಿಗೆ ನ್ಯಾಯ ಸಿಗುತ್ತದೆಯೇ ಎಂದು ಕೇಳಿದ. ಪಕ್ಷ ಹಿಡಿಯುವುದು ಶಾಸಕಿಯಾಗಿ ನನ್ನ ಕೆಲಸವಾಗಿತ್ತು, ನ್ಯಾಯಾಧೀಶೆಗೆ ಆ ಕೆಲಸವಿಲ್ಲ ಎಂದು ಅವರು ಉತ್ತರಿಸಿದರು. ಅವರ ದೊಡ್ಡ ದನಿ ಅಲ್ಲಿ ಅರ್ಧಕ್ಕರ್ಧ ಇಳಿದಿತ್ತು. ಹಿರಿಯರು ನನ್ನ ಕಡೆ ನೋಡಿ, ಇವಳು ಈಗಾಗಲೇ ಹೋಗಿಬಿಟ್ಟಳು ಎಂದರು. ಮಗಳನ್ನು ಕಳಿಸಿಕೊಟ್ಟ ಮೇಲೆ ಅಪ್ಪಂದಿರು ಹೇಳುವ ಹಾಗಿತ್ತು ಆ ಮಾತು.

ಸೆನೆಟ್ ಒಪ್ಪಿತು. ಶಾಸಕಿ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಕೊನೆಯ ದಿನ ಆಫೀಸಿನಲ್ಲಿ ಪೆಟ್ಟಿಗೆಗಳಿಗೆ ಸಾಮಾನು ತುಂಬಿ ಮುಗಿದ ಮೇಲೆ ನನ್ನನ್ನು ಆ ಸೋಫಾದ ಮೇಲೆ ಕೂರಿಸಿಕೊಂಡು, ಪಕ್ಕದಲ್ಲಿ ಕೂತು, ಒಂದು ಮಾತು ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

‘ಇನ್ನು ಮುಂದೆ ಯಾರದೇ ಕಷ್ಟ ಬಂದರೂ ನನಗೆ ಫೋನ್ ಮಾಡಬೇಡ. ನೀನು ಮಾಡಿದರೆ ನಾನು ಎತ್ತಬಾರದು. ಎತ್ತದೆ ಇರೋದು ನನಗೆ ಕಷ್ಟ ಆಗುತ್ತೆ.’

ನಾನು ಆಗಲಿ ಎಂದೆ. ಅವರು ಎದ್ದು ರನ್ನಿಂಗ್ ಶೂವಿನಲ್ಲೇ ಹೊರಟುಹೋದರು.

ಅದಾಗಿ ಸ್ವಲ್ಪ ಕಾಲಕ್ಕೆ ನನಗೆ ಸಿಟಿಜನ್‌ಶಿಪ್ ಬಂತು. ಪ್ರಮಾಣವಚನ ಕೊಡುವ ಸಮಾರಂಭ ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ. ಒಳಗೆ ಹೋಗಿ ಕೂತಾಗ ಎದುರಿಗೆ ಕಪ್ಪು ಗೌನಿನಲ್ಲಿ ಬಂದವರು ಅವರೇ. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ, ಅವರು ಬರುತ್ತಾರೆಂದು ನನಗೂ ಗೊತ್ತಿರಲಿಲ್ಲ. ನಾವೆಲ್ಲ ಬಲಗೈ ಎತ್ತಿದೆವು, ಅವರು ಹೇಳಿಕೊಟ್ಟ ಮಾತನ್ನು ಹೇಳಿದೆವು. ಆಮೇಲೆ ಒಬ್ಬೊಬ್ಬರ ಕೈಯನ್ನೂ ಕುಲುಕಿದರು. ನನ್ನ ಸರದಿ ಬಂದಾಗ ಕಣ್ಣು ಅರಳಿತು. ಆದರೆ ನನ್ನ ಕೈಯನ್ನು ಹಿಂದಿನವನ ಕೈಗಿಂತ, ಮುಂದಿನವಳ ಕೈಗಿಂತ ಒಂದು ಕ್ಷಣವೂ ಹೆಚ್ಚು ಹಿಡಿಯಲಿಲ್ಲ. ಎಲ್ಲರಿಗೂ ಹೇಳಿದ ಅಭಿನಂದನೆಯನ್ನೇ ನನಗೂ ಹೇಳಿದರು. ಹೊರಗೆ ಬಂದು ನನ್ನ ಗಂಡನಿಗೆ ಇದನ್ನು ಹೇಳಿದಾಗ, ಅಷ್ಟು ವರ್ಷ ಜೊತೆಗಿದ್ದವರು, ಒಂದು ಮಾತಾದರೂ ಆಡಬಹುದಿತ್ತಲ್ಲ ಎಂದು ಅವರು ಬೇಸರಪಟ್ಟರು. ನನಗೂ ಬೇಸರವಾಗಿತ್ತು. ಆದರೆ ಈ ಕೋಣೆಯಲ್ಲಿ ಈಗ ಎಲ್ಲರೂ ಸಮಾನರು ಎಂದು ಪ್ರಮಾಣವಚನ ಮುಗಿದ ಮೇಲೆ ಅವರು ಆಗಷ್ಟೇ ನಮಗೆ ಹೇಳಿದ್ದರು, ಅದೂ ನೆನಪಿತ್ತು.

ಮುಂದೆ ನನ್ನ ಗಂಡನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ನಾವು ಟ್ರಾಯ್‌ಗೆ ಬಂದೆವು. ವಿಜಯಪುರದ ಆ ಹೆಂಗಸು ಐದಾರು ಮೈಲಿ ದೂರದಲ್ಲೇ ಇದ್ದಳು. ಸ್ನೇಹ ಮತ್ತೆ ಕುದುರಿತು. ರಂಜಾನ್ ಹಬ್ಬಕ್ಕೆ ಅವಳು ಶೀರ್‌ಖುರ್ಮಾ ಕಳಿಸುತ್ತಿದ್ದಳು, ಗೌರಿ ಹಬ್ಬಕ್ಕೆ ನಾನು ಒಬ್ಬಟ್ಟು ಕೊಟ್ಟು ಬರುತ್ತಿದ್ದೆ. ಅವಳ ಮಗಳು ನರ್ಸಿಂಗ್ ಓದುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಆ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು.

ಒಂದು ದಿನ ಪೋಸ್ಟ್‌ಮ್ಯಾನ್ ಹಿರಿಯರು ಫೋನು ಮಾಡಿದರು. ಅವರಿಗೆ ಆಗ ಉಸಿರಾಟದ ತೊಂದರೆ ಶುರುವಾಗಿತ್ತು, ಮಾತು ನಿಧಾನ. ಎಲ್ಕ್ ಗ್ರೋವ್ ಹತ್ತಿರ ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಒಂದು ಟೆಂಪ್ ಏಜೆನ್ಸಿಯ ವ್ಯಾನು ಉರುಳಿಬಿದ್ದಿದೆ. ಅದರಲ್ಲಿದ್ದ ಕೆಲವರು ಕೋರ್ಟಿಗೆ ಹೋಗಿದ್ದಾರೆ. ಏಜೆನ್ಸಿ ಬೇರೆ ರಾಜ್ಯದ್ದಾದ್ದರಿಂದ ಕೇಸು ಫೆಡರಲ್ ಕೋರ್ಟಿಗೆ ಬಂದಿದೆ. ಬಂದದ್ದು ಈಗ ನ್ಯಾಯಾಧೀಶೆಯಾಗಿರುವ ನಮ್ಮವಳ ಮುಂದೆಯೇ.

ಈ ಕಾನೂನನ್ನು ವಿಧಾನಸಭೆಯಲ್ಲಿ ಮಂಡಿಸಿದವಳು ನಾನೇ, ನಿಮ್ಮಲ್ಲಿ ಯಾರಿಗಾದರೂ ಆಕ್ಷೇಪವಿದ್ದರೆ ಹೇಳಿ, ಕೇಸು ಬೇರೆಯವರಿಗೆ ಹೋಗುತ್ತದೆ ಎಂದು ಅವರು ಮೊದಲ ದಿನವೇ ಎರಡೂ ಕಡೆಯವರಿಗೆ ತಿಳಿಸಿದ್ದರಂತೆ. ಯಾರೂ ಬೇಡ ಎನ್ನಲಿಲ್ಲ. ಪೆಟ್ಟು ತಿಂದವರ ವಕೀಲರಂತೂ ಇದು ತಮ್ಮ ಅದೃಷ್ಟ ಎಂದುಕೊಂಡಿದ್ದರು. ಏಜೆನ್ಸಿಯವರು, ಕಾನೂನಿನಲ್ಲಿ ವ್ಯಾನು ಬರುವುದೇ ಇಲ್ಲ, ಜ್ಯೂರಿಯ ಮುಂದೆ ಹೋಗುವ ಮೊದಲೇ ಕೇಸನ್ನು ಮುಗಿಸಿ ಎಂದು ಕೇಳಿದ್ದರು. ಅದರ ತೀರ್ಮಾನಕ್ಕೆ ದಿನ ಗೊತ್ತಾಗಿತ್ತು.

ನಾನು ವಿಜಯಪುರದವಳಿಗೆ ಸಂಗತಿ ಹೇಳಿದೆ. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಮೆಷಿನ್ನಿನಿಂದ ಬಿಡಿಸಿ ಪಕ್ಕಕ್ಕಿಟ್ಟಳು.

‘ಕರ್ಕೊಂಡು ಹೋಗ್ತೀರೇನ್ರಿ?’ ಎಂದಳು.

ಹಿಂದಿನ ದಿನವೇ ಹೊರಟೆವು. ಟ್ರಾಯ್‌ನಿಂದ ಶಿಕಾಗೋಗೆ ಐದು ಗಂಟೆ ಡ್ರೈವು. ದಾರಿಯುದ್ದಕ್ಕೂ ಅವಳು ಆ ಕೇಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳ ಪರೀಕ್ಷೆ, ಅಣ್ಣನ ಬಿಪಿ, ಕಲಾಮಜೂ ಹತ್ತಿರ ರೆಸ್ಟ್ ಏರಿಯಾದಲ್ಲಿ ತಿಂದ ಚಪಾತಿ ರೋಲಿಗೆ ಉಪ್ಪು ಕಡಿಮೆಯಾಗಿದ್ದು, ಇವೇ ಮಾತು. ಲೊಂಬಾರ್ಡಿನಲ್ಲಿ ನನ್ನ ಹಳೆಯ ನೆರೆಮನೆಯವರಲ್ಲಿ ಉಳಿದುಕೊಂಡು, ಬೆಳಿಗ್ಗೆ ಟ್ರೈನಿನಲ್ಲಿ ಶಿಕಾಗೋ ಊರೊಳಗೆ ಹೋದೆವು.

ಕೋರ್ಟಿನ ಕಟ್ಟಡ ಕಪ್ಪು ಉಕ್ಕು, ಕಪ್ಪು ಗಾಜು. ಸೆಕ್ಯುರಿಟಿ ದಾಟಿ ಮೇಲಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಮುಂದಿನ ಬೆಂಚಿನಲ್ಲಿ ಊರುಗೋಲು ಹಿಡಿದ ಒಬ್ಬ ಮೆಕ್ಸಿಕನ್ ಹೆಂಗಸು ಇದ್ದಳು. ವ್ಯಾನು ಉರುಳಿದಾಗ ಅವಳ ಸೊಂಟ ಮುರಿದಿತ್ತು. ಒಂದು ಕಾಲಿಗೆ ಹಿಡಿತವೇ ಇರಲಿಲ್ಲ ಎಂಬುದು ಅವಳು ಕೂರುವಾಗ ಕಂಡಿತು. ವಿಜಯಪುರದವಳು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು. ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಅದೇನು ಹೇಳಿಕೊಂಡರೋ, ಆ ಹೆಂಗಸು ಊರುಗೋಲನ್ನು ಆಚೆ ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು.

ನ್ಯಾಯಾಧೀಶೆ ಒಳಗೆ ಬಂದರು. ಎಲ್ಲರೂ ಎದ್ದು ನಿಂತೆವು. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಕೂತವರು ಒಂದು ಸಲ ಬೆಂಚುಗಳ ಕಡೆ ಕಣ್ಣಾಡಿಸಿದರು. ನಮ್ಮನ್ನು ಕಂಡರು. ಮುಖದಲ್ಲಿ ಏನೂ ಕದಲಲಿಲ್ಲ. ತೀರ್ಮಾನವನ್ನು ಬರೆದು ಪ್ರಕಟಿಸಿದರೆ ಸಾಕಿತ್ತು, ಆದರೆ ಇದು ಯಾರ ಬದುಕಿಗೆ ಸಂಬಂಧಿಸಿದ್ದೋ ಅವರೇ ಇಲ್ಲಿ ಬಂದು ಕೂತಿರುವುದರಿಂದ ನಾನೇ ಓದುತ್ತೇನೆ ಎಂದರು.

ಬಹಳ ಹೊತ್ತು ಓದಿದರು. ಅಪಘಾತ ಹೇಗಾಯಿತು, ಯಾರ್ಯಾರಿಗೆ ಏನೇನಾಯಿತು, ಎಲ್ಲವನ್ನೂ ಹೇಳಿದರು. ಊರುಗೋಲಿನ ಹೆಂಗಸು ಮಕ್ಕಳನ್ನು ಎತ್ತಿಕೊಳ್ಳಲಾರಳು ಎಂಬುದನ್ನೂ ಹೇಳಿದರು. ಅಲ್ಲಿಯವರೆಗೆ ಕೇಳಿದವರಿಗೆ ಅವರು ಯಾವ ಕಡೆ ಇದ್ದಾರೆಂದು ಸಂಶಯ ಬರುವಂತಿರಲಿಲ್ಲ. ವಕೀಲರೊಬ್ಬರು ಕುರ್ಚಿಗೆ ಬೆನ್ನು ಆನಿಸಿ ಆರಾಮಾಗಿ ಕೂತರು. ಆಮೇಲೆ ಅವರು ಕಾನೂನಿನ ಮಾತಿಗೆ ಬಂದರು.

‘ವ್ಯಾನಿನ ಮಾತು ಮಸೂದೆಯಲ್ಲಿ ಇತ್ತು. ಶಾಸನಸಭೆ ಅದನ್ನು ತೆಗೆದುಹಾಕಿತು. ತೆಗೆದವರಲ್ಲಿ ನಾನೂ ಒಬ್ಬಳು. ತಿಳಿಯದೆ ತೆಗೆದದ್ದಲ್ಲ. ಆಗ ನಾವು ತೆಗೆದದ್ದನ್ನು ಇವತ್ತು ಇಲ್ಲಿ ಕೂತು ನಾನೊಬ್ಬಳೇ ಮತ್ತೆ ಸೇರಿಸಲಾರೆ.’

ಕಾನೂನು ಇವರಿಗೆ ಅನ್ವಯವಾಗುವುದಿಲ್ಲ, ಏಜೆನ್ಸಿಯ ಕೋರಿಕೆಯನ್ನು ಒಪ್ಪಲಾಗಿದೆ ಎಂದು ಮುಗಿಸಿದರು. ಇದನ್ನು ಸರಿಪಡಿಸುವ ಅಧಿಕಾರ ಸ್ಪ್ರಿಂಗ್‌ಫೀಲ್ಡಿನಲ್ಲಿದೆ, ಈ ಕೋಣೆಯಲ್ಲಿಲ್ಲ ಎಂದೂ ಸೇರಿಸಿದರು. ಓದಿದ ಹಾಳೆಗಳನ್ನು ಜೋಡಿಸುವಾಗ ಒಂದು ಹಾಳೆ ಕೈತಪ್ಪಿ ಕೆಳಗೆ ಬಿತ್ತು. ಅವರ ಕ್ಲರ್ಕು ಎತ್ತಿಕೊಟ್ಟಳು. ಅವರು ಎದ್ದರು, ನಾವೂ ಎದ್ದೆವು, ಅವರ ಹಿಂದೆ ಬಾಗಿಲು ಮುಚ್ಚಿತು.

ಊರುಗೋಲಿನ ಹೆಂಗಸಿಗೆ ಅವಳ ವಕೀಲರು ಸ್ಪ್ಯಾನಿಷಿನಲ್ಲಿ ವಿವರಿಸಿದರು. ಅವಳು ಅಳಲಿಲ್ಲ. ತಲೆಯಾಡಿಸುತ್ತಾ ಕೇಳಿದಳು, ಒಮ್ಮೆ ಮಾತ್ರ ಮುಚ್ಚಿದ ಆ ಬಾಗಿಲ ಕಡೆ ನೋಡಿದಳು. ವಿಜಯಪುರದವಳು ಕುಳಿತಲ್ಲೇ ಕುಳಿತಿದ್ದಳು. ಕಾರಿಡಾರಿಗೆ ಬಂದ ಮೇಲೆ, ಕಿಟಕಿಯ ಹತ್ತಿರ ನಿಂತು, ನನ್ನ ತೋಳು ಹಿಡಿದುಕೊಂಡಳು.

‘ಸಿಕ್ಕಷ್ಟು ತಗೊಳ್ರಿ ಅಂತ ನಾನಽ ಹೇಳಿದ್ನಲ್ರಿ ಅಕ್ಕಾರ’ ಎಂದಳು. ‘ಆಕಿ ಕಾಲು ಹೋದದ್ದು ನನ್ನ ಮಾತಿನ್ಯಾಗೂ ಐತ್ರಿ.’

ಹಾಗಲ್ಲ ಎಂದೆ. ಆ ಮಾತಿನಿಂದಲೇ ಈ ವರ್ಷಗಳಲ್ಲಿ ಎಷ್ಟೋ ಮನೆಗಳಿಗೆ ಪರಿಹಾರ ಸಿಕ್ಕಿದೆಯಲ್ಲ, ಅದೂ ನಿಜ ತಾನೇ ಎಂದೆ. ನ್ಯಾಯಾಧೀಶೆಯ ಮೇಲೆ ನನಗೆ ಆ ಗಳಿಗೆಯಲ್ಲಿ ಸಿಟ್ಟೇ ಬಂದಿತ್ತು. ಆ ಸೋಫಾದ ಮೇಲೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡವರು ಒಂದು ದಾರಿ ಹುಡುಕಬಾರದಿತ್ತೇ ಎನಿಸಿತ್ತು. ಮರಳಿ ಬರುವಾಗ ಕಾರಿನಲ್ಲಿ ನಾನೇ ಆ ಮಾತು ತೆಗೆದೆ. ವಿಜಯಪುರದವಳು ರಸ್ತೆಯನ್ನೇ ನೋಡುತ್ತಾ, ಅವರು ಇಲ್ಲದ ಮಾತನ್ನು ಇದೆಯೆಂದು ಸುಳ್ಳು ಓದಿದ್ದರೆ ನನಗೆ ಇನ್ನೂ ಅಂಜಿಕೆಯಾಗುತ್ತಿತ್ತು ಎಂದಳು. ನಾಳೆ ಇನ್ನೊಬ್ಬರು ಬಂದು ಕೂತು, ಇರುವ ಮಾತನ್ನೇ ಇಲ್ಲವೆಂದು ಓದಿದರೆ ಏನು ಮಾಡುವುದು ಎಂದಳು. ನನ್ನ ಮನಸ್ಸು ಪೂರ್ತಿ ಒಪ್ಪಿತೆಂದು ಹೇಳಲಾರೆ.

ವಕೀಲರು ಮೇಲಿನ ಕೋರ್ಟಿಗೆ ಹೋದರು. ಅಲ್ಲಿಯೂ ಅದೇ ತೀರ್ಪು ಉಳಿಯಿತು.

ಅಷ್ಟರಲ್ಲಿ ವಿಜಯಪುರದವಳು ತನ್ನ ಕೆಲಸ ಶುರು ಮಾಡಿದ್ದಳು. ನಮ್ಮ ಶಾಸಕಿಯ ಜಾಗಕ್ಕೆ ಆರಿಸಿ ಬಂದಿದ್ದವರು ಹಿಂದೆ ಹೈಸ್ಕೂಲ್ ಮೇಷ್ಟ್ರಾಗಿದ್ದ ಒಬ್ಬರು. ಅವರ ಆಫೀಸಿಗೆ ಫೋನು ಮಾಡಿ, ನಾನು ನಿಮ್ಮ ರಾಜ್ಯದವಳಲ್ಲ, ಆದರೆ ಆ ಕಾನೂನು ನನ್ನ ಗಂಡನದು ಎಂದು ಇಂಗ್ಲಿಷಿನಲ್ಲೇ ಹೇಳಿದಳಂತೆ. ಹೇಳುವ ಮೊದಲು ಮಗಳ ಮುಂದೆ ಎರಡು ಮೂರು ದಿನ ಅಭ್ಯಾಸ ಮಾಡಿದ್ದಳು. ಆ ಹೊಸ ಶಾಸಕರು, ಬಿಟ್ಟುಹೋಗಿದ್ದ ವ್ಯಾನಿನ ಮಾತನ್ನು ಸೇರಿಸಲು ತಿದ್ದುಪಡಿ ತಂದರು. ಅದರ ಚರ್ಚೆಯಲ್ಲಿ ಎಲ್ಲರ ಕೈಯಲ್ಲೂ ಇದ್ದದ್ದು ನ್ಯಾಯಾಧೀಶೆಯ ಆ ತೀರ್ಪೇ. ಕಾನೂನಿನಲ್ಲಿ ತೂತು ಎಲ್ಲಿದೆ, ಅದು ಹೇಗೆ ಬಂತು, ಯಾರು ಮುಚ್ಚಬೇಕು ಎಂಬುದನ್ನು ಅದಕ್ಕಿಂತ ಬಿಡಿಸಿ ಹೇಳಿದವರು ಬೇರೆ ಯಾರೂ ಇರಲಿಲ್ಲ.

ಮತ್ತೆ ಸ್ಪ್ರಿಂಗ್‌ಫೀಲ್ಡಿಗೆ ಹೋದೆವು. ಊರುಗೋಲಿನ ಹೆಂಗಸೂ ಬಂದಿದ್ದಳು. ಕಾನೂನು ಮುಂದೆ ಆಗುವುದಕ್ಕೆ ಮಾತ್ರ ಅನ್ವಯವಾಗುತ್ತದೆ, ನಿನಗೆ ಇದರಿಂದ ಏನೂ ಸಿಗುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿದ್ದರು. ಗೊತ್ತು ಎಂದಳು. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಮಾತಾಡಿದರು. ಒಬ್ಬಳ ಗಂಡ ಡಾಕಿನಲ್ಲಿ ಹೋಗಿದ್ದ, ಇನ್ನೊಬ್ಬಳ ಕಾಲು ರಸ್ತೆಯಲ್ಲಿ ಹೋಗಿತ್ತು. ಈ ಸಲ ಯಾವ ಮಾತನ್ನೂ ಬಿಡಲು ಯಾರೂ ಕೇಳಲಿಲ್ಲ. ಕೇಳಿದ್ದರೆ ವಿಜಯಪುರದವಳು ಏನು ಹೇಳುತ್ತಿದ್ದಳೋ ಎಂದು ನಾನು ಪಕ್ಕದಲ್ಲಿ ಕೂತು ಯೋಚಿಸುತ್ತಿದ್ದೆ. ತಿದ್ದುಪಡಿ ಆ ಅಧಿವೇಶನದಲ್ಲೇ ಪಾಸಾಯಿತು.

ಪೋಸ್ಟ್‌ಮ್ಯಾನ್ ಹಿರಿಯರು ಆ ಸುದ್ದಿ ಕೇಳಿಸಿಕೊಂಡರು, ಹೆಚ್ಚು ದಿನ ಬದುಕಲಿಲ್ಲ. ಅವರ ಅಂತ್ಯಕ್ರಿಯೆಗೆ ನಾನು ಟ್ರಾಯ್‌ನಿಂದ ಹೋದೆ. ಚರ್ಚಿನ ಕೆಳಗಿನ ಹಾಲಿನಲ್ಲಿ ಊಟಕ್ಕೆ ಸೇರಿದಾಗ ನ್ಯಾಯಾಧೀಶೆ ಒಂದು ಮೂಲೆಯಲ್ಲಿ ಒಬ್ಬರೇ ನಿಂತಿದ್ದರು. ಜನ ಗೌರವದಿಂದ ದೂರವೇ ಉಳಿದಿದ್ದರು. ಹಿಂದೆ ಇಂಥ ಕಡೆ ಅವರ ಸುತ್ತ ಎಷ್ಟು ಗುಂಪು, ಎಷ್ಟು ನಗು. ನಾನು ಹತ್ತಿರ ಹೋದೆ. ಅವರು ನನ್ನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನನ್ನ ಮಂಡಿ ನೋವು, ನನ್ನ ಗಂಡನ ಕೆಲಸ, ಟ್ರಾಯ್‌ನ ಚಳಿ, ಎಲ್ಲವನ್ನೂ ಕೇಳಿದರು. ಸತ್ತವರ ಬಗ್ಗೆ ಮಾತಾಡಿ ಇಬ್ಬರೂ ಕಣ್ಣೊರೆಸಿಕೊಂಡೆವು. ಕೇಸಿನ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೊರಡುವಾಗ ಕೋಟು ಹಾಕಿಕೊಳ್ಳುತ್ತಾ, ದನಿ ತಗ್ಗಿಸಿ, ಇಷ್ಟು ಹೇಳಿದರು.

‘ಆ ದಿನ ಕೋರ್ಟಿಗೆ ನಿನ್ನ ಜೊತೆ ಬಂದಾಕೆ ಎದ್ದು ಹೋಗಲಿಲ್ಲ. ಕೊನೆಯವರೆಗೂ ಕೂತು ಕೇಳಿದಳು. ನಾನು ನೋಡಿದೆ ಅಂತ ಅವಳಿಗೆ ಹೇಳು.’

ಟ್ರಾಯ್‌ಗೆ ಮರಳಿದ ಮೇಲೆ ಹೊಲಿಗೆ ಅಂಗಡಿಗೆ ಹೋಗಿ ಹೇಳಿದೆ. ವಿಜಯಪುರದವಳು ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಕೇಳಿ ಸೂಜಿ ನಿಲ್ಲಿಸಿದಳು.

‘ಎದ್ದು ಎಲ್ಲಿ ಹೋಗ್ಲಿ? ನೀವು ಕರ್ಕೊಂಡು ಬಂದಿದ್ರಿ’ ಎಂದು ನಕ್ಕಳು. ಆಮೇಲೆ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಈಗ ಹೇಗಿದ್ದಾರೆ, ಜೊತೆಗೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಳು. ಚೆನ್ನಾಗಿದ್ದಾರೆ, ಸ್ವಲ್ಪ ಸೊರಗಿದ್ದಾರೆ, ಒಬ್ಬರೇ ನಿಂತಿದ್ದರು ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ.